ಏನನ್ನೂ ನುಂಗದ ಬ್ಲ್ಯಾಕ್ ಹೋಲ್

ಎಂ.ಟೆಕ್ ಪ್ರಾಜೆಕ್ಟ್‌ಗಾಗಿ ಎನ್‌ಎಸ್-3 ಎಂಬ ನೆಟ್‌ವರ್ಕ್ ಸಿಮ್ಯುಲೇಟರ್‌ನಲ್ಲಿ, ವೈರ್‌ಲೆಸ್ ಸಾಧನಗಳು ಬೇಕಾದಾಗ ದಾರಿ ಹುಡುಕಿಕೊಳ್ಳುವ ಎಒಡಿವಿ ರೂಟಿಂಗ್ ಮೇಲೆ ಬ್ಲ್ಯಾಕ್ ಹೋಲ್ ದಾಳಿ ಮಾಡಿಸುತ್ತಿದ್ದೆ. ಕಳ್ಳ ನೋಡ್ (ನೆಟ್‌ವರ್ಕ್‌ನ ಒಂದು ಸಾಧನ) 'ನನ್ನ ಹತ್ತಿರ ಹೊಸ ದಾರಿ ಇದೆ' ಎಂದು ಸುಳ್ಳು ಹೇಳಿ ಪ್ಯಾಕೆಟ್‌ಗಳನ್ನು (ಡೇಟಾ ತುಣುಕುಗಳನ್ನು) ನುಂಗಬೇಕು. ಆದರೆ ಎಲ್ಲವೂ ಆರಾಮಾಗಿ ಗುರಿ ಸೇರುತ್ತಿದ್ದವು. ಮೂರು ರಾತ್ರಿ ತಲೆ ಕೆಡಿಸಿಕೊಂಡೆ.

ಕೊನೆಗೆ, ರೂಟ್ ರಿಪ್ಲೈ (ದಾರಿ ಇದೆ ಎನ್ನುವ ಉತ್ತರ) ಬಂದ ಕಡೆ, ದಾರಿ ಎಷ್ಟು ಹೊಸದು ಎಂದು ತೋರಿಸುವ ಸೀಕ್ವೆನ್ಸ್ ನಂಬರನ್ನು ಸೈನ್ಡ್ ಆಗಿ (ಪ್ಲಸ್-ಮೈನಸ್ ಚಿಹ್ನೆ ಸಮೇತ) ಪ್ರಿಂಟ್ ಮಾಡಿಸಿದೆ. -1 ಅಂತ ಬಂತು! ನಾನು ಹಾಕಿದ್ದು 4294967295, 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ; ಸೈನ್ಡ್ ಆಗಿ ಓದಿದರೆ ಅದೇ -1. ಆದರೆ ಎಒಡಿವಿಯ ನಿಯಮ ಹೇಳುವ 2003ರ ದಾಖಲೆ ಆರ್‌ಎಫ್‌ಸಿ 3561 ಪ್ರಕಾರ, ಬಂದ ನಂಬರ್‌ನಿಂದ ಈಗಾಗಲೇ ಇರುವ ನಂಬರನ್ನು ಕಳೆದು, ಉತ್ತರವನ್ನು ಸೈನ್ಡ್ ಸಂಖ್ಯೆಯಾಗಿ ನೋಡಬೇಕು; ಮೈನಸ್ ಬಂದರೆ ಅದು ಹಳೆಯದು. ಎಣಿಕೆ ತುದಿ ಮುಟ್ಟಿ ಸೊನ್ನೆಗೆ ಮರಳಿದರೂ ಹೊಸದು ಯಾವುದು ಅಂತ ಗೊತ್ತಾಗುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ? ಹಾಗಾಗಿ -1 ಹೊತ್ತ ನನ್ನ ರಿಪ್ಲೈ ಹಳೇ ಸುದ್ದಿಯಾಗಿ ಬಿದ್ದುಹೋಗುತ್ತಿತ್ತು.

ರೂಟ್ ರಿಕ್ವೆಸ್ಟ್‌ನಲ್ಲಿ (ದಾರಿ ಕೇಳುವ ಸಂದೇಶದಲ್ಲಿ) ಬಂದ ನಂಬರ್‌ಗೆ ಸುಮ್ನೆ 100 ಕೂಡಿಸಿ ಕಳಿಸಿದೆ. ಮೊದಲ ರನ್‌ನಲ್ಲೇ ಪ್ಯಾಕೆಟ್‌ಗಳು ಮಾಯ.