ಅಪ್‌ಗ್ರೇಡ್ ಆದ ಮೇಲೆ ಕ್ಯಾಲೆಂಡರ್ ಸಿಂಕ್ ಆಗ್ತಿಲ್ವಾ?

ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಆದ ಮೇಲೆ ಕ್ಯಾಲೆಂಡರ್ ಖಾಲಿ ಕಂಡರೆ ಗಾಬರಿಯಾಗಿ ಅಕೌಂಟ್ ಕಿತ್ತುಹಾಕಬೇಡಿ. ಮೊದಲು ಬ್ರೌಸರಿನಲ್ಲಿ ಅದೇ ಅಕೌಂಟಿಗೆ ಲಾಗಿನ್ ಆಗಿ ನೋಡಿ. ಎಲ್ಲ ಅಲ್ಲಿದ್ದರೆ ಏನೂ ಕಳೆದಿಲ್ಲ. ನಿಮ್ಮ ಕಂಪ್ಯೂಟರಿಗೂ ಸರ್ವರಿಗೂ ಮಾತು ಬಿಟ್ಟಿದೆ, ಅಷ್ಟೆ.

ಎಷ್ಟೋ ಸಲ ಹಳೆಯ ಲಾಗಿನ್ ಅನುಮತಿ ರದ್ದಾಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಅಕೌಂಟ್ ತೆರೆದು ಮತ್ತೆ ಸೈನ್ ಇನ್ ಆಗಿ. ಅಲ್ಲೇ ಮೇಲ್, ಕಾಂಟ್ಯಾಕ್ಟ್ಸ್ ಜೊತೆ ಕ್ಯಾಲೆಂಡರ್‌ಗೂ ಒಂದು ಸ್ವಿಚ್ ಇರುತ್ತದೆ, ಅದು ಆಫ್ ಆಗಿದೆಯಾ ನೋಡಿ. ಎರಡು ಹಂತದ ಪರಿಶೀಲನೆ ಇಟ್ಟುಕೊಂಡಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಕೆಲವು ಆ್ಯಪ್‌ಗಳು ತಪ್ಪು ಅಂತಲೇ ಹಠ ಹಿಡಿಯುತ್ತವೆ. ಅವಕ್ಕೆ ಆ್ಯಪ್ ಪಾಸ್‌ವರ್ಡ್, ಅಂದರೆ ಆ ಆ್ಯಪ್‌ನಲ್ಲಷ್ಟೇ ಬಳಸುವ ಪಾಸ್‌ವರ್ಡ್, ಬೇರೆಯೇ ಮಾಡಿಕೊಳ್ಳಬೇಕು. ದಿನಾಂಕ, ಟೈಮ್ ಝೋನ್ ಕೂಡ ಒಮ್ಮೆ ನೋಡಿಬಿಡಿ.

ಇದಕ್ಕೂ ಬಗ್ಗದಿದ್ದರೆ ಮಾತ್ರ ಅಕೌಂಟ್ ತೆಗೆದು ಮತ್ತೆ ಸೇರಿಸಿ. ಆದರೆ ಅದಕ್ಕೂ ಮುಂಚೆ ಒಂದು ಮುಖ್ಯ ಕೆಲಸ: ಕಂಪ್ಯೂಟರಿನಲ್ಲಷ್ಟೇ ಉಳಿಸಿದ ಕ್ಯಾಲೆಂಡರ್ ಇದ್ದರೆ ಅದರ ಪ್ರತಿ ಸರ್ವರಿನಲ್ಲಿ ಇರುವುದಿಲ್ಲ. ಅದನ್ನು ಐಸಿಎಸ್ (ಕ್ಯಾಲೆಂಡರ್ ವಿವರ ಉಳಿಸುವ .ics) ಫೈಲಾಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಈಗಾಗಲೇ ಸಿಂಕ್ ಆಗುವ ಕ್ಯಾಲೆಂಡರನ್ನು ಮಾತ್ರ ಹೀಗೆ ಎಕ್ಸ್‌ಪೋರ್ಟ್ ಮಾಡಿ ಮತ್ತೆ ಇಂಪೋರ್ಟ್ ಮಾಡಲು ಹೋಗಬೇಡಿ, ಒಂದೊಂದು ಮೀಟಿಂಗೂ ಎರಡೆರಡು ಸಲ ಬಂದು ಕೂರಬಹುದು.