ವ್ಯಾಪಾರಿ ಬದಿಗಿಟ್ಟ ಕಾಯಿಯಲ್ಲಿ ವರ್ಷದ ಎಣ್ಣೆ

ಮಳೆಗಾಲದಲ್ಲಿ ಮನೆಯಲ್ಲಿ ಕೊಬ್ಬರಿ ಒಣಗಿಸಲಿಕ್ಕೆ ಆಗುವುದಿಲ್ಲ, ಒಣಗಿಸಿದರೂ ಲಾಭ ಇಲ್ಲ ಎಂದು ನನಗೆ ಹೇಳದವರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಈ ಕಡೆ ಯಾರೂ ಉಳಿದಿಲ್ಲ. ಈಗ ಅವರಲ್ಲೇ ಇಬ್ಬರು ನಾನು ಕೊಬ್ಬರಿ ಒಣಗಿಸುವ ಡ್ರಮ್ಮಿನ ಅಳತೆ ಕೇಳಿಕೊಂಡು ಹೋಗಿದ್ದಾರೆ. ಇನ್ನೂ ನಾಲ್ಕು ಜನ ಬರುವ ಮೊದಲು ಬರೆದಿಟ್ಟರೆ ಒಳ್ಳೆಯದು ಅನಿಸಿತು.

2025ರ ಮಳೆಗಾಲದ ರೇಟು ಮರೆತಿರಲಿಕ್ಕಿಲ್ಲ. ತೆಂಗಿನೆಣ್ಣೆ ಲೀಟರಿಗೆ 400 ದಾಟಿ 500ರ ಹತ್ತಿರ ಹೋಯಿತು. ನಮ್ಮದು ಐದು ಜನರ ಮನೆ, ತಿಂಗಳಿಗೆ ಎರಡು ಲೀಟರಾದರೂ ಬೇಕು. ಆಟಿ ತಿಂಗಳ ಮಳೆಯಲ್ಲಿ ಹಲಸಿನ ಹಪ್ಪಳ ಕಾಯಿಸಲು ಶುರು ಮಾಡಿದರೆ ಅದೂ ಸಾಲದು. ಕೇರಳ ಸರ್ಕಾರದ ಮಾವೇಲಿ ಸ್ಟೋರಿನಲ್ಲಿ ರೇಷನ್ ಕಾರ್ಡಿಗೆ ಸಿಗುವ ಸಬ್ಸಿಡಿ ಎಣ್ಣೆ ನಮಗೆ ಒಂದು ವಾರಕ್ಕೆ ಆಗುತ್ತದೆ. ಯಜಮಾನರು ಮಂಗಳೂರಿನಲ್ಲಿ ಅಂಗಡಿ ಕೆಲಸಕ್ಕೆ ಹೋಗುತ್ತಾರೆ, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಒಂದು ಬ್ಲೌಸಿನ ಕೂಲಿ ಅರ್ಧ ಲೀಟರ್ ಎಣ್ಣೆಗೆ ಹೋದರೆ ಯಾರಿಗೆ ಬೇಕು ಹೇಳಿ?

ತೆಂಗು ಇದೆ, ಇಪ್ಪತ್ತರ ಹತ್ತಿರ ಮರ. ಹಾಗೆಂದು ಎಲ್ಲವನ್ನೂ ಎಣ್ಣೆ ಮಾಡಲಿಕ್ಕಾಗುವುದಿಲ್ಲ. ಅಣ್ಣ ಹೇಳಿದ್ದು ಸರಿಯೇ: "ಎಂಥ ಹುಚ್ಚು ಮಾರಾಯ್ತಿ ನಿಂದು? ಕಾಯಿಗೆ ಕಿಲೋಗೆ ಎಪ್ಪತ್ತು ಸಿಗುವಾಗ ಯಾರಾದ್ರೂ ಗಾಣಕ್ಕೆ ಕೊಡ್ತಾರಾ? ಕಾಯಿ ಮಾರು, ಪಾಮೋಲಿನ್ ತಾ." ಒಳ್ಳೆಯ ಕಾಯಿಯಾದರೆ ಲೀಟರಿಗೆ ಹತ್ತು ಬೇಕು. ಸುಲಿದ ಮೇಲೆ ಐದು ಕಿಲೋ ತೂಗುವ ಆ ಹತ್ತು ಕಾಯಿಗೆ ಅಂಗಡಿಯಲ್ಲೇ ಆಗ 350 ಸಿಗುತ್ತಿತ್ತು. ಅದರ ಮೇಲೆ ಒಣಗಿಸುವ ಕಷ್ಟ, ಮಿಲ್ಲಿನ ಖರ್ಚು. ಪಾಮೋಲಿನ್ ಮಾತ್ರ ಅಣ್ಣ ಎಣಿಸಿದಷ್ಟು ಅಗ್ಗ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಆಮದು ಸುಂಕ ಏರಿದ ಮೇಲೆ ಅದೂ ಮೇಲೆ ಹೋಗಿತ್ತು. ಅದರಲ್ಲಿ ಕಾಯಿಸಿದ ಹಪ್ಪಳ ನಮ್ಮ ಅತ್ತೆ ಮುಟ್ಟುವುದೂ ಇಲ್ಲ.

ಆದರೆ ಕಾಯಿ ತೆಗೆದುಕೊಳ್ಳುವವರು ಎಲ್ಲವನ್ನೂ ಪೂರ್ತಿ ರೇಟಿಗೆ ತೆಗೆದುಕೊಳ್ಳುವುದಿಲ್ಲ, ಅಲ್ವಾ? ಸಣ್ಣದು, ಮೊಳಕೆ ಬಂದದ್ದು, ಸುಲಿಯುವಾಗ ಬಿರುಕು ಬಿಟ್ಟದ್ದು ಎಲ್ಲ ಬದಿಗೆ ಹೋಗುತ್ತದೆ. ಅದಕ್ಕೆ ಅರ್ಧಕ್ಕಿಂತ ಕಡಿಮೆ ರೇಟು. ನಮ್ಮಲ್ಲಿ ವರ್ಷಕ್ಕೆ ಅಂಥದ್ದು ಇನ್ನೂರೈವತ್ತು, ಮುನ್ನೂರು ಆಗುತ್ತದೆ. ನಾನು ಹಿಡಿದದ್ದು ಆ ರಾಶಿಯನ್ನು. ಒಳ್ಳೆಯದನ್ನು ಮಾರುವುದು, ಬದಿಗಿಟ್ಟದ್ದನ್ನು ಎಣ್ಣೆ ಮಾಡುವುದು.

ತೊಂದರೆ ಏನೆಂದರೆ ಈ ರಾಶಿ ಜೂನ್ ಜುಲೈಯಲ್ಲೇ ಜಾಸ್ತಿ. ಬಿಸಿಲು ಇಲ್ಲ. ಅಂಗಳದಲ್ಲಿ ಅಡಿಕೆಗೆ ಹಾಕುವ ಪ್ಲಾಸ್ಟಿಕ್ ಶೀಟಿನ ಗೂಡಿನಲ್ಲಿ ಇಟ್ಟು ನೋಡಿದೆ. ಒಳಗೆ ಬೆವರು ಇಳಿದು ಎರಡನೇ ದಿನಕ್ಕೆ ಹಸಿರು ಬೂಸ್ಟು. ಅಂಗಡಿಯವರು ಗಂಧಕದ ಹೊಗೆ ಕೊಡು ಎಂದರು. ತಿನ್ನುವ ಎಣ್ಣೆಗೆ ನನಗೆ ಮನಸ್ಸು ಬರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ್ದು ಚೆನ್ನಾಗಿಯೇ ಒಣಗಿತು, ಆದರೆ ಎಣ್ಣೆಗೆ ಹೊಗೆ ವಾಸನೆ. ಮಕ್ಕಳು ದೋಸೆ ಮೂಸಿ ನೋಡಿ ಬದಿಗೆ ಸರಿಸಿದರು. ಪ್ಲೈವುಡ್ ಪೆಟ್ಟಿಗೆಯಲ್ಲಿ ದೊಡ್ಡ ಬಲ್ಬು ಉರಿಸಿದ್ದಂತೂ ಶುದ್ಧ ನಷ್ಟ. ಕೇರಳದಲ್ಲಿ ಕರೆಂಟ್ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದು, ತಿಳಿಯುವಾಗ ತಡವಾಗಿರುತ್ತದೆ. ಸ್ಲಾಬು ಹಾರಿ ಆರೇಳು ನೂರು ಜಾಸ್ತಿ ಬಂತು.

ನಡುವೆ ಕಾಯಿಹಾಲು ಬೇಯಿಸಿ ಎಣ್ಣೆ ತೆಗೆಯುವುದನ್ನೂ ಮಾಡಿದೆ. ಪರಿಮಳ ಅಂದರೆ ಪರಿಮಳ! ಆದರೆ 2025ರ ಏಪ್ರಿಲಿನಲ್ಲಿ ಸಿಲಿಂಡರಿಗೆ 50 ರೂಪಾಯಿ ಏರಿಸಿದ ಮೇಲೆ ಗಂಟೆಗಟ್ಟಲೆ ಗ್ಯಾಸ್ ಉರಿಸುವುದು ನಮ್ಮಂಥವರಿಗೆ ಹೇಳಿದ್ದಲ್ಲ. ತಂಗಿಯ ಬಾಣಂತನಕ್ಕೆ ಮಗುವಿನ ಮೈಗೆ ಹಚ್ಚಲು ಒಂದು ಬಾಟಲಿ ಮಾಡಿ ಕೊಟ್ಟೆ, ಅಲ್ಲಿಗೆ ಬಿಟ್ಟೆ.

ಕೊನೆಗೆ ಕೈ ಹಿಡಿದದ್ದು ಗೆರಟೆ, ಅಂದರೆ ಕಾಯಿಯ ಚಿಪ್ಪು. ತೋಟದ ಬೆಳೆಗಳ ಸಂಶೋಧನೆ ಮಾಡುವ ಕಾಸರಗೋಡಿನ ಸಿಪಿಸಿಆರ್‌ಐಯವರ ಗೆರಟೆ ಡ್ರೈಯರ್ ನಿಮಗೆ ಗೊತ್ತಿರಬಹುದು. ಗೆರಟೆಯನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು ಒಂದು ತುದಿಗೆ ಬೆಂಕಿ ಕೊಟ್ಟರೆ ಅದರಷ್ಟಕ್ಕೆ ನಿಧಾನ ಉರಿಯುತ್ತಾ ಹೋಗುತ್ತದೆ, ಹೊಗೆ ಇಲ್ಲದ ಹಾಗೆ. ಅದು ನೂರಾರು ಕಾಯಿಯ ಲೆಕ್ಕದ್ದು, ನಮ್ಮ ಮನೆಗೆ ದೊಡ್ಡದಾಯಿತು. ನಾನು ಗುಜರಿಯಿಂದ ಹಳೆ ಡ್ರಮ್ ತಂದು ಉದ್ದಕ್ಕೆ ಸೀಳಿಸಿದೆ. ಕೆಳಗಿನ ಅರ್ಧದಲ್ಲಿ ಗೆರಟೆ ಸಾಲು, ನಡುವೆ ತಗಡು, ಅದರ ಮೇಲೆ ಕಬ್ಬಿಣದ ಬಲೆ, ಬಲೆಯಲ್ಲಿ ಕಾಯಿಗಡಿ. ಡ್ರಮ್ಮು, ಬಲೆ, ವೆಲ್ಡಿಂಗ್ ಎಲ್ಲ ಸೇರಿ ಎರಡೂವರೆ ಸಾವಿರದ ಆಚೀಚೆ. ಒಂದು ಸಲಕ್ಕೆ ಅರವತ್ತು, ಎಪ್ಪತ್ತು ಕಾಯಿ ಹಿಡಿಯುತ್ತದೆ. ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು. ಎರಡನೇ ದಿನ ಕೊಬ್ಬರಿ ಗೆರಟೆ ಬಿಡುತ್ತದೆ, ಆ ಗೆರಟೆಯೇ ಮುಂದಿನ ಉರಿಗೆ. ಹಾಗಾಗಿ ಮೊದಲ ಕಂತಿಗೆ ಮಾತ್ರ ಹಳೆ ಗೆರಟೆ ಕೂಡಿಟ್ಟಿರಬೇಕು. ಮೂರು ನಾಲ್ಕು ದಿನದಲ್ಲಿ ಮುರಿದರೆ ಟಕ್ ಎನ್ನುವ ಕೊಬ್ಬರಿ.

ತಗಡು ಮತ್ತು ಬಲೆಯ ನಡುವಿನ ಅಂತರ ಎಷ್ಟು, ಗಾಳಿ ತೂತು ಎಲ್ಲಿ, ಇದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಸರಿ ಮಾಡಲಿಕ್ಕೆ ನಾನು ಎಷ್ಟು ಕೊಬ್ಬರಿ ಕರಿ ಮಾಡಿಕೊಂಡಿದ್ದೇನೆಂದು ವೆಲ್ಡಿಂಗಿನವನಿಗೂ ಗೊತ್ತು. ಬೇಕಾದವರು ಮನೆಗೆ ಬಂದು ನೋಡಬಹುದು, ಚಾ ಕೊಡುತ್ತೇನೆ.

ಒಣಗಿದ ಕೊಬ್ಬರಿ ಕಂಡು ಯಜಮಾನರಿಗೆ ಆಸೆ ಬಂತು, ಮಾರುವ ಎಂದರು. ಸರ್ಕಾರದ ಬೆಂಬಲ ಬೆಲೆ 2025ರಲ್ಲಿ ಎಣ್ಣೆ ತೆಗೆಯುವ ಮಿಲ್ಲಿಂಗ್ ಕೊಬ್ಬರಿಗೆ ಕ್ವಿಂಟಾಲಿಗೆ 11,582 ರೂಪಾಯಿ ಇದ್ದರೆ ಮಾರ್ಕೆಟ್ಟಿನಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು ಇತ್ತು. ಆದರೆ ಹತ್ತಿಪ್ಪತ್ತು ಕಿಲೋ ತೆಗೆದುಕೊಂಡು ಹೋದವರಿಗೆ ಆ ರೇಟು ಸಿಗುವುದಿಲ್ಲ. ತೇವ ಇದೆ, ಸಣ್ಣದಿದೆ, ಎರಡು ಕಿಲೋ ಕಳೆಯುತ್ತೇನೆ ಎಂದು ಶುರು ಮಾಡುತ್ತಾರೆ. ನಾನು ಚೀಲ ವಾಪಸು ತಂದೆ.

ಮಿಲ್ಲಿನಲ್ಲೂ ಒಂದು ಕಿರಿಕಿರಿ. ಹದಿನೈದು ಕಿಲೋಕ್ಕಿಂತ ಕಡಿಮೆ ಇದ್ದರೆ ನಮ್ಮದನ್ನೇ ಬೇರೆಯಾಗಿ ಹಿಂಡಿ ಕೊಡುವುದಿಲ್ಲ, ಯಾರದ್ದೋ ಜೊತೆ ಸೇರಿಸುತ್ತಾರೆ. ಯಾರದ್ದೋ ಬೂಸ್ಟು ಹಿಡಿದ ಕೊಬ್ಬರಿ ನಮಗೇಕೆ? ಪಕ್ಕದ ಮನೆಯವರದ್ದೂ ಇದೇ ಡ್ರಮ್ಮಿನಲ್ಲಿ ಒಣಗಿಸಿ ಒಟ್ಟಿಗೆ ಕೊಂಡುಹೋಗಲು ಶುರು ಮಾಡಿದೆವು. ಹಿಂಡಿಯನ್ನು ಮಿಲ್ಲಿಗೆ ಬಿಡಬೇಡಿ. ಕೂಲಿಯಲ್ಲಿ ಕಡಿಮೆ ಮಾಡುತ್ತೇವೆ ಎಂದು ಹೇಳಿಯೇ ಹೇಳುತ್ತಾರೆ, ಸುಮ್ನೆ ದುಡ್ಡು ಕೊಟ್ಟು ತನ್ನಿ. ನಮ್ಮಲ್ಲಿ ದನ ಇಲ್ಲ, ಪಕ್ಕದ ಮನೆಯಲ್ಲಿ ಇದೆ. ಹಿಂಡಿಗೆ ಹಾಲು ಬರುತ್ತದೆ.

ಲೆಕ್ಕ ಬಾಯಲ್ಲೇ ಹೇಳುತ್ತೇನೆ. ಕೊಬ್ಬರಿ ಮೂವತ್ತು ಕಿಲೋ ಹತ್ತಿರ, ಎಣ್ಣೆ ಹತ್ತೊಂಬತ್ತು ಇಪ್ಪತ್ತು ಲೀಟರು. ಮೊಳಕೆ ಕಾಯಿಯಲ್ಲಿ ಎಣ್ಣೆ ಕಡಿಮೆ, ಅದನ್ನೂ ಸೇರಿಸಿ ಇಷ್ಟು. ಆಗಿನ ರೇಟಿನಲ್ಲಿ ಒಂಬತ್ತು ಸಾವಿರದ ಮಾಲು. ಬದಿಗಿಟ್ಟ ಕಾಯಿ ಮಾರಿದ್ದರೆ ಮೂರು ಸಾವಿರ ಬರುತ್ತಿತ್ತು, ಮಿಲ್ಲಿಗೆ ನಾನೂರು ಹೋಯಿತು. ಡ್ರಮ್ಮಿನ ಖರ್ಚು ಮೊದಲ ವರ್ಷವೇ ಕಳೆದು ಮೂರು ಸಾವಿರ ಉಳಿಯಿತು. ನನ್ನ ಕೂಲಿ ಹಾಕಿಲ್ಲ. ಉರಿಯ ಹತ್ತಿರ ಕೂತು ಕಾಯುವ ಕೆಲಸ ಇಲ್ಲ, ಸಾಲು ಹಚ್ಚಿ ಬಂದು ಮೆಷಿನ್ ತುಳಿಯುತ್ತಿದ್ದೆ.

ಎಣ್ಣೆ ಕಮಟು ಹಿಡಿಯದ ಹಾಗೆ ಇಡುವುದು ಅತ್ತೆಯ ವಿದ್ಯೆ. ಡಬ್ಬಕ್ಕೆ ತುಂಬುವ ಮೊದಲು ಬಿಸಿ ಮಾಡಿ ಅದಕ್ಕೆ ಏನೋ ಹಾಕುತ್ತಾರೆ. ಕರಿಮೆಣಸು ಒಂದು, ಇನ್ನೊಂದನ್ನು ಅವರೇ ಹೇಳಬೇಕು. ತಳದ ಗಸಿಯಲ್ಲಿ ಸೋಪು ಮಾಡಲು ನೋಡಿದೆ, ಕಾಸ್ಟಿಕ್ ಸೋಡಾದ ಖರ್ಚಿಗೆ ಅಂಗಡಿಯ ಸೋಪೇ ಬರುತ್ತದೆ. ಈಗ ಅದು ದೀಪಕ್ಕೆ.

ಐದಾರು ಮರ ಮಾತ್ರ ಇರುವವರು ಒಬ್ಬರೇ ಡ್ರಮ್ ಮಾಡಿಸಬೇಡಿ, ದುಡ್ಡು ಹುಟ್ಟುವುದಿಲ್ಲ. ಮೂರು ಮನೆ ಸೇರಿದರೆ ಸಾಕು, ಮಿಲ್ಲಿನ ಹದಿನೈದು ಕಿಲೋವೂ ಆರಾಮ ಆಗುತ್ತದೆ. ಡ್ರಮ್ ಯಾರ ಅಂಗಳದಲ್ಲಿ ಇರುವುದು, ಗೆರಟೆ ಯಾರಿಗೆ ಎಂದು ಮೊದಲೇ ಮಾತಾಡಿಕೊಳ್ಳಿ.