ಹುಬ್ಬಳ್ಳಿಯಲ್ಲಿ ಗೋಡೌನ್ ಬೇಕೇ? ಸಣ್ಣ ಆಹಾರ ಘಟಕಕ್ಕೆ ಸಾಗಣೆ ಯೋಜನೆ

ತುಮಕೂರಿನಲ್ಲಿ ಸಾರಿನ ಪುಡಿ, ಚಟ್ನಿ ಪುಡಿ, ಕೋಡುಬಳೆ, ನಿಪ್ಪಟ್ಟು ತಯಾರಿಸಿ ಹುಬ್ಬಳ್ಳಿ ಕಡೆಗೆ ಕಳಿಸುವ ಒಂದು ಘಟಕ ಇದೆ ಎಂದಿಟ್ಟುಕೊಳ್ಳಿ. ವ್ಯಾಪಾರ ಸ್ವಲ್ಪ ಬೆಳೆದರೆ ಸಾಕು, ಬಾಡಿಗೆ ಕಡಿಮೆ ಕೇಳುವ ಟ್ರಾನ್ಸ್‌ಪೋರ್ಟ್ ಹುಡುಕೋಣ ಅನಿಸುತ್ತದೆ, ಇಲ್ಲವೇ ಹುಬ್ಬಳ್ಳಿಯಲ್ಲೇ ಒಂದು ಗೋಡೌನ್ ಹಿಡಿಯೋಣ ಅನಿಸುತ್ತದೆ. ಇವೆರಡನ್ನೂ ಕೊನೆಗಿಟ್ಟುಕೊಳ್ಳಿ.

ಮೊದಲು ಹಿಂದಿನ 12 ತಿಂಗಳ ಬಿಲ್‌ಗಳನ್ನು ಟ್ಯಾಲಿಯಿಂದ (ಲೆಕ್ಕಪತ್ರದ ಸಾಫ್ಟ್‌ವೇರ್) ಎಕ್ಸೆಲ್‌ಗೆ ಇಳಿಸಿ. ಪ್ರತಿ ಬಿಲ್ಲಿಗೂ ಊರು, ಬಾಕ್ಸ್ ಸಂಖ್ಯೆ, ತೂಕ, ಆರ್ಡರ್ ಬಂದ ದಿನ, ಮಾಲು ಮುಟ್ಟಿದ ದಿನ ಬರೆಯಿರಿ. ಮಾಲು ಮುಟ್ಟಿದ ದಿನವನ್ನು ಬಹಳಷ್ಟು ಕಡೆ ಯಾರೂ ಬರೆದಿಟ್ಟಿರುವುದಿಲ್ಲ. ಮಾಲು ಪಡೆದ ಪಾರ್ಟಿ ಸಹಿ ಹಾಕಿದ ಎಲ್‌ಆರ್ (ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ) ಪ್ರತಿಗಳಲ್ಲಿ ಅದು ಸಿಗುತ್ತದೆ. ಆಮೇಲೆ ಬಾಡಿಗೆ, ಹಮಾಲಿ, ಡೋರ್ ಡೆಲಿವರಿ, ಹಾಲ್ಟಿಂಗ್ (ಲಾರಿ ಕಾಯ್ದ ಸಮಯದ ಶುಲ್ಕ), ಒಡೆದು ವಾಪಸ್ ಬಂದ ಮಾಲಿನ ಬೆಲೆ ಎಲ್ಲವನ್ನೂ ಕೂಡಿಸಿ, ಒಟ್ಟು ಕೆಜಿಯಿಂದ ಭಾಗಿಸಿ. ನಿಜವಾದ ಸಾಗಣೆ ದರ ಅದು. ಟ್ರಾನ್ಸ್‌ಪೋರ್ಟ್ ಆಫೀಸಿನವರು ಫೋನಿನಲ್ಲಿ ಹೇಳುವ ದರಕ್ಕಿಂತ ಅದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ಲಾರಿ ತುಂಬುವ ಲೆಕ್ಕ

14 ಅಡಿ ಲಾರಿಯ ಬಾಡಿ ಅಂದಾಜು 14×6×6 ಅಡಿ, ಅಂದರೆ 504 ಘನ ಅಡಿ. ಸಂದಿಗೊಂದಿ ಬಿಟ್ಟರೆ ಶೇ 85 ಜಾಗ ಉಪಯೋಗಕ್ಕೆ ಬರುತ್ತದೆ. 40×30×25 ಸೆಂ.ಮೀ. ಬಾಕ್ಸ್ ಒಂದು ಘನ ಅಡಿಗಿಂತ ತುಸು ದೊಡ್ಡದು, ಆದ್ದರಿಂದ ಸುಮಾರು 400 ಬಾಕ್ಸ್ ಹಿಡಿಯುತ್ತವೆ. ಲಾರಿ 3,500 ಕೆಜಿ ಹೊರುತ್ತದೆ ಎಂದುಕೊಳ್ಳಿ (ನಿಖರ ಮಿತಿಯನ್ನು ಲಾರಿಯ ನೋಂದಣಿ ಪತ್ರ, ಅಂದರೆ ಆರ್‌ಸಿ ನೋಡಿ ತಿಳಿಯಿರಿ). 12 ಕೆಜಿಯ ಮಸಾಲೆ ಬಾಕ್ಸ್ ಮಾತ್ರ ತುಂಬಿದರೆ 291ಕ್ಕೇ ತೂಕ ಮುಗಿದು ಮೇಲೆ ಜಾಗ ಖಾಲಿ ಉಳಿಯುತ್ತದೆ. 3 ಕೆಜಿಯ ಕೋಡುಬಳೆ ಬಾಕ್ಸ್ ಮಾತ್ರ ತುಂಬಿದರೆ ಜಾಗವೆಲ್ಲ ಮುಗಿದರೂ ತೂಕ 1,200 ಕೆಜಿ ದಾಟುವುದಿಲ್ಲ. 255 ಮಸಾಲೆ, 145 ಕೋಡುಬಳೆ ಹಾಕಿದರೆ 3,495 ಕೆಜಿ: ಜಾಗವೂ ತುಂಬಿತು, ತೂಕವೂ ತುಂಬಿತು. ಕುರುಕಲು ತಿಂಡಿಯನ್ನು ಬೇರೆಯಾಗಿ, ಪುಡಿಯನ್ನು ಬೇರೆಯಾಗಿ ಕಳಿಸುವ ಘಟಕಗಳು ಖಾಲಿ ಜಾಗಕ್ಕೆ ಬಾಡಿಗೆ ಕಟ್ಟುತ್ತಿರುತ್ತವೆ.

ಗೋಡೌನ್ ಯಾವಾಗ ಗಿಟ್ಟುತ್ತದೆ

ಕೆಳಗಿನ ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ತುಮಕೂರಿನಿಂದ ನೇರವಾಗಿ ಪಾರ್ಸಲ್ ಲಾರಿಯಲ್ಲಿ (ಹಲವರ ಮಾಲು ಒಟ್ಟಿಗೆ ಹೋಗುವ ಲಾರಿ) ಕಳಿಸಿದರೆ ಎಲ್ಲ ಸೇರಿ ಕೆಜಿಗೆ ₹6.50. ಪೂರ್ತಿ ಲಾರಿಯಲ್ಲಿ ಹುಬ್ಬಳ್ಳಿಗೆ ₹3.70, ಅಲ್ಲಿಂದ ಅಂಗಡಿಗಳಿಗೆ ₹1.80, ಒಟ್ಟು ₹5.50. ಕೆಜಿಗೆ ಉಳಿಯುವುದು ಒಂದು ರೂಪಾಯಿ. ಗೋಡೌನ್ ಬಾಡಿಗೆ ₹15,000, ಒಬ್ಬ ಆಳಿನ ಸಂಬಳ ₹18,000. ಅಂದರೆ ತಿಂಗಳಿಗೆ 33 ಟನ್ ಮಾಲು ಹೋದರೆ ಅಸಲು, ಅಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇಲ್ಲಿಗೇ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಗೋಡೌನಿನಲ್ಲಿ ಕೂತ ಮಾಲೂ ದುಡ್ಡೇ. ದಿನಕ್ಕೆ ಸರಾಸರಿ 40, ಹೆಚ್ಚೆಂದರೆ 60 ಬಾಕ್ಸ್ ಖರ್ಚಾಗುತ್ತದೆ. ಲಾರಿ ಬರಲು ಸರಾಸರಿ 3, ಹೆಚ್ಚೆಂದರೆ 5 ದಿನ ಬೇಕು. ಹಾಗಾದರೆ ಮೀಸಲು ದಾಸ್ತಾನು (60×5) − (40×3) = 180 ಬಾಕ್ಸ್. ಉಳಿದ ಮಾಲು 300 ಬಾಕ್ಸ್‌ಗೆ (ಮೀಸಲು 180, ಲಾರಿ ಬರುವ 3 ದಿನಕ್ಕೆ 120) ಇಳಿದ ದಿನವೇ ಮುಂದಿನ ಲಾರಿ ಹೇಳಬೇಕು. ಮೀಸಲಿನ ಜೊತೆಗೆ ಸರಾಸರಿ ಅರ್ಧ ಲಾರಿ ಮಾಲು, ಅಂದರೆ 200 ಬಾಕ್ಸ್, ಅಲ್ಲಿ ಇದ್ದೇ ಇರುತ್ತದೆ. ಬಾಕ್ಸ್‌ಗೆ ₹2,000ದಂತೆ 380 ಬಾಕ್ಸ್‌ಗೆ ₹7.6 ಲಕ್ಷ. ವರ್ಷಕ್ಕೆ ಶೇ 12ರ ಬಡ್ಡಿ ಹಿಡಿದರೆ ತಿಂಗಳಿಗೆ ₹7,600. ಅಸಲಿನ ಮಟ್ಟ ಸುಮಾರು 41 ಟನ್‌ಗೆ ಏರಿತು.

ದಿನಕ್ಕೆ 40 ಬಾಕ್ಸ್ ಎಂದರೆ 25 ದಿನಕ್ಕೆ 1,000 ಬಾಕ್ಸ್. ಮೇಲಿನ ಮಿಶ್ರಣದ ಪ್ರಕಾರ ಅದು ಸುಮಾರು 8.7 ಟನ್. ಈ ಘಟಕಕ್ಕೆ ಗೋಡೌನ್ ಬೇಡ.

ಅದರ ಬದಲು ವಾರದ ಲಾರಿ ಗೊತ್ತು ಮಾಡಿ. ಸೋಮವಾರ ಸಂಜೆ 5ರೊಳಗೆ ಆರ್ಡರ್, ಬುಧವಾರ ಲಾರಿ. ಆಮೇಲೆ ಬಂದ ಆರ್ಡರ್ ಮುಂದಿನ ವಾರಕ್ಕೆ. ಹುಬ್ಬಳ್ಳಿಯ ಮಾಲಿಗೇ ಲಾರಿ ತುಂಬುವುದಿಲ್ಲ. ಆದರೆ ಚಿತ್ರದುರ್ಗ, ದಾವಣಗೆರೆ, ಹಾವೇರಿ ಇದೇ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ, ಅಲ್ಲಿನ ವಿತರಕರ ಮಾಲನ್ನೂ ಸೇರಿಸಿ. ಹುಬ್ಬಳ್ಳಿಯದನ್ನು ಮೊದಲು ಒಳಗೆ, ಚಿತ್ರದುರ್ಗದ್ದನ್ನು ಕೊನೆಗೆ ಬಾಗಿಲ ಬಳಿ ಹೇರಿ. ಪ್ರತಿ ಊರಿನ ರಾಶಿಯಲ್ಲೂ ಮಸಾಲೆ ಕೆಳಗೆ, ಕೋಡುಬಳೆ ಮೇಲೆ. ಹಮಾಲರು ತಿರುಗುಮುರುಗು ಹೇರಿದರೆ ನಿಪ್ಪಟ್ಟು ಪುಡಿಯಾಗಿ ಇಳಿಯುತ್ತದೆ.

ಕಾಗದಪತ್ರ

ತೆರಿಗೆ ಸೇರಿ ಮಾಲಿನ ಮೌಲ್ಯ ₹50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಡೆಯುವ ಪತ್ರ) ಬೇಕು. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ, ಮಿಕ್ಕ ದೂರಕ್ಕೆ ಇನ್ನೊಂದು. ತುಮಕೂರಿನಿಂದ ಹುಬ್ಬಳ್ಳಿ ಸುಮಾರು 340 ಕಿ.ಮೀ., ಆದ್ದರಿಂದ 2 ದಿನ. ಲಾರಿ ದಾರಿಯಲ್ಲಿ ಕೆಟ್ಟರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು. ಮಾಲನ್ನು ಬೇರೆ ಲಾರಿಗೆ ದಾಟಿಸಿದರೆ ಹೊಸ ಲಾರಿಯ ನಂಬರನ್ನು ಇ-ವೇ ಬಿಲ್ಲಿನ ಬಿ ಭಾಗದಲ್ಲಿ (ವಾಹನದ ವಿವರ) ಬದಲಿಸಿದ ಮೇಲೆಯೇ ಹೊರಡಿಸಿ. ತಪಾಸಣೆಯಲ್ಲಿ ಸಿಕ್ಕಿಬೀಳುವುದು ಇಲ್ಲೇ.

ಮುಂದೆ ಗೋಡೌನ್ ಮಾಡಿದರೆ ಆ ವಿಳಾಸವನ್ನು ಜಿಎಸ್‌ಟಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವೆಂದು ಸೇರಿಸಿ, ಅಲ್ಲಿಗೆ ಪ್ರತ್ಯೇಕ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯನ್ನೂ ತೆಗೆದುಕೊಳ್ಳಿ. ಒಂದೇ ಜಿಎಸ್‌ಟಿ ನಂಬರಿನಡಿ ರಾಜ್ಯದೊಳಗೆ ಮಾಲು ಕಳಿಸಲು ಡೆಲಿವರಿ ಚಲನ್ (ಮಾಲಿನ ವಿವರದ ಚೀಟಿ) ಸಾಕು, ತೆರಿಗೆ ಇಲ್ಲ. ಇ-ವೇ ಬಿಲ್ ಮಾತ್ರ ಆಗಲೂ ತಪ್ಪದು.

ಮಂಗಳೂರಿನ ಕಡೆ ವ್ಯಾಪಾರವಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಾರಿ ಮುಟ್ಟಲು ಬೇಕಾಗುವ ಗರಿಷ್ಠ ದಿನಗಳ ಲೆಕ್ಕವನ್ನೇ ಬದಲಿಸಿ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಲಾರಿಗಳು ದಿನಗಟ್ಟಲೆ ಸಕಲೇಶಪುರದ ಕಡೆಯೇ ನಿಲ್ಲುತ್ತವೆ. ಮೇ ಕೊನೆಗೇ ಅಲ್ಲಿನ ವಿತರಕರ ಬಳಿ ಹೆಚ್ಚುವರಿ ಮಾಲು ಇರಲಿ.

ಮಾಲು ಒಡೆದಿದ್ದರೆ, ಕಡಿಮೆ ಬಂದಿದ್ದರೆ ಇಳಿಸುವಾಗಲೇ ಎಲ್‌ಆರ್ ಮೇಲೆ ಬಾಕ್ಸ್ ಸಂಖ್ಯೆ ಸಮೇತ ಬರೆದು ಚಾಲಕರ ಸಹಿ ಪಡೆಯುವಂತೆ ವಿತರಕರಿಗೆ ಮೊದಲೇ ತಿಳಿಸಿ. 'ಸರಿಯಾಗಿ ಬಂದಿದೆ' ಎಂದು ಸಹಿ ಹಾಕಿ ಮರುದಿನ ಫೋನ್ ಮಾಡಿದರೆ ಟ್ರಾನ್ಸ್‌ಪೋರ್ಟ್‌ನವರು ಒಪ್ಪುವುದಿಲ್ಲ. ಪರಿಹಾರಕ್ಕಾಗಿ ಕೋರ್ಟಿಗೆ ಹೋಗಬೇಕಾದರೂ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು.